ಒಂದೇ ಡಬ್ಬಿಯಲ್ಲಿ ಎಲ್ಲಾ ಸ್ಕ್ರೂ ಸೇರಿಹೋಗಿವೆ, ಯಾವುದು ಯಾವುದಕ್ಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಂಗಿಗೆ ವಿಡಿಯೋ ಎಡಿಟಿಂಗ್ ಮಾಡೋಕೆ ಅಂತ ಒಂದು ಡೆಸ್ಕ್‌ಟಾಪ್ ಜೋಡಿಸ್ತಾ ಇದ್ದೀನಿ. ನಾನೇ ಕೈಯಾರೆ ಜೋಡಿಸ್ತಿರೋದು ಇದೇ ಮೊದಲು. ಮದರ್‌ಬೋರ್ಡ್, ಪ್ರೊಸೆಸರ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಪೆಟ್ಟಿಗೆ) ಎಲ್ಲಾ ಹೊಸದು. ಕ್ಯಾಬಿನೆಟ್ ಮಾತ್ರ ಅಣ್ಣ ಬಳಸಿ ಬಿಟ್ಟಿದ್ದು. ಅದರ ಜೊತೆ ಬಂದಿದ್ದ ಸ್ಕ್ರೂ ಪ್ಯಾಕೆಟ್ ಎಂದೋ ಕಳೆದುಹೋಗಿದೆ. ಅದರ ಬದಲು ಅಣ್ಣ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟ. ಇಷ್ಟು ವರ್ಷ ಅವನು ಬಿಚ್ಚಿದ ಕಂಪ್ಯೂಟರ್‌ಗಳ ಸ್ಕ್ರೂ ಎಲ್ಲಾ ಅದರಲ್ಲೇ ಬಿದ್ದಿವೆ. ಪೇಪರ್ ಹಾಸಿ ಸುರಿದು ಎಣಿಸಿದೆ, 83 ಇವೆ. ಕೆಲವು ಕಪ್ಪು, ಕೆಲವು ಬೆಳ್ಳಿ ಬಣ್ಣ, ಕೆಲವಕ್ಕೆ ಆರು ಮೂಲೆಯ ತಲೆ, ಕೆಲವಕ್ಕೆ ದುಂಡು ತಲೆ. ನನ್ನ ಕಣ್ಣಿಗೆ ಮುಕ್ಕಾಲು ಪಾಲು ಒಂದೇ ಥರ ಕಾಣ್ತವೆ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ಒಂದು, ಮದರ್‌ಬೋರ್ಡ್. ಕ್ಯಾಬಿನೆಟ್ ಒಳಗಿನ ತಗಡಿನ ಮೇಲೆ ಹಿತ್ತಾಳೆಯ ಪುಟ್ಟ ಕಂಬಗಳಿವೆಯಲ್ಲ, ಸ್ಟ್ಯಾಂಡ್‌ಆಫ್, ಅವುಗಳ ಮೇಲೆ ಬೋರ್ಡ್ ಕೂರಿಸಿ ಸ್ಕ್ರೂ ಹಾಕಿದೆ. ನಾಲ್ಕು ಚೆನ್ನಾಗಿ ಕೂತವು. ಎರಡು ಮಾತ್ರ ಎಷ್ಟು ತಿರುಗಿಸಿದರೂ ತಿರುಗ್ತಾನೇ ಇರ್ತವೆ, ಟೈಟ್ ಆಗಲ್ಲ. ಉಗುರಲ್ಲಿ ಎತ್ತಿದರೆ ಮೇಲೆ ಬಂದುಬಿಡ್ತವೆ. ಕೆಳಗಡೆ ಇರೋ ಮೂರು ತೂತಿನ ಹಿಂದೆ ಸ್ಟ್ಯಾಂಡ್‌ಆಫೇ ಕಾಣ್ತಿಲ್ಲ. ಬೋರ್ಡ್ ಎಟಿಎಕ್ಸ್ ಅನ್ನೋ ಅಳತೆಯದು, ಒಟ್ಟು ಒಂಬತ್ತು ತೂತು.

ಎರಡು, ಎರಡೂವರೆ ಇಂಚಿನ ಎಸ್‌ಎಸ್‌ಡಿ, ಅಂದರೆ ಫೈಲ್ ಎಲ್ಲಾ ಇಡೋ ಡ್ರೈವ್. ಆರು ಮೂಲೆ ತಲೆಯ ಒಂದು ಸ್ಕ್ರೂ ಹಾಕೋಕೆ ಹೋದೆ. ಅರ್ಧ ಸುತ್ತು ಹೋಗಿ ನಿಂತಿತು. ಹೊಸ ಎಸ್‌ಎಸ್‌ಡಿ ಅಲ್ವಾ, ತೂತು ಬಿಗಿ ಇರಬೇಕು ಅಂದ್ಕೊಂಡು ಅದುಮಿ ಇನ್ನೊಂದು ಸುತ್ತು ತಿರುಗಿಸಿದೆ. ಕಿರ್ ಅಂತ ಸದ್ದಾಯ್ತು. ತೂತಿನ ಬಾಯಿಂದ ಕೂದಲೆಳೆಯಷ್ಟು ತೆಳ್ಳಗಿನ ಲೋಹದ ಸುರುಳಿ ಎದ್ದು ಬಂತು. ಅಲ್ಲಿಗೆ ನಿಲ್ಲಿಸಿದೆ. ಸ್ಕ್ರೂ ಈಗ ಒಂದು ಕಡೆ ವಾಲಿಕೊಂಡು ಅಲ್ಲೇ ನಿಂತಿದೆ.

ಮೂರು, ಎಂ.2 ಎಸ್‌ಎಸ್‌ಡಿ, ಮದರ್‌ಬೋರ್ಡ್ ಮೇಲೇ ಕೂರೋ ಪುಟ್ಟ ಪಟ್ಟಿಯಂಥದ್ದು. ಅದರ ಪುಟಾಣಿ ಸ್ಕ್ರೂ ಮದರ್‌ಬೋರ್ಡ್ ಬಾಕ್ಸಿನಲ್ಲೇ ಇತ್ತು. ಹಾಕೋವಾಗ ಕೈಜಾರಿ ಬಿತ್ತು. ನೆಲಕ್ಕೆ ಬಿದ್ದ ಸದ್ದೂ ಕೇಳಿಸಲಿಲ್ಲ. ಟಾರ್ಚ್ ಹಿಡಿದು ಮೇಜಿನ ಕೆಳಗೆಲ್ಲಾ ಹುಡುಕಿದೆ, ಇಲ್ಲ.

ಇನ್ನೂ ಕರೆಂಟ್ ಕೊಟ್ಟಿಲ್ಲ. ಈ 83ರಲ್ಲಿ ಸರಿಯಾದ್ದನ್ನ ಗುರುತಿಸೋದು ಹೇಗೆ ಅಂತ ಯಾರಾದ್ರೂ ಹೇಳಿಕೊಡ್ತೀರಾ?

ಉತ್ತರ 1

ಸುಲಭವಾಗಿ ನೆನಪಿಡೋದಾದ್ರೆ: ದಪ್ಪ ಥ್ರೆಡ್‌ನದ್ದು (ಥ್ರೆಡ್ ಅಂದ್ರೆ ಸ್ಕ್ರೂ ಮೈಮೇಲಿನ ಸುತ್ತು) ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್, ಮೂರೂವರೆ ಇಂಚಿನ ಹಾರ್ಡ್‌ಡಿಸ್ಕ್, ಕ್ಯಾಬಿನೆಟ್ ಬಾಗಿಲು ಇವಕ್ಕೆ. ಸಣ್ಣ ಥ್ರೆಡ್‌ನದ್ದು ಎರಡೂವರೆ ಇಂಚಿನ ಎಸ್‌ಎಸ್‌ಡಿ, ಡಿವಿಡಿ ಡ್ರೈವ್‌ಗೆ. ದಪ್ಪದ್ದಕ್ಕೆ 6-32 ಅಂತಾರೆ, ಸಣ್ಣದ್ದಕ್ಕೆ ಎಂ3. ನೀವು ಎಸ್‌ಎಸ್‌ಡಿಗೆ 6-32 ಹಾಕೋಕೆ ಹೋಗಿದ್ದೀರಿ. ಮದರ್‌ಬೋರ್ಡ್‌ನಲ್ಲಿ ಸುಮ್ನೆ ತಿರುಗ್ತಿರೋ ಎರಡು ಎಂ3 ಇರಬೇಕು. ಅದಲುಬದಲು ಆಗಿದೆ ಅಷ್ಟೇ. ಮೊದಲು ಬೆರಳಲ್ಲೇ ತಿರುಗಿಸಿ ನೋಡಿ, ಬೆರಳಿಗೆ ಹೋಗದಿದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ನಿಮ್ಮ ಬರಹದಲ್ಲಿ ನನಗೆ ಭಯ ಆಗಿದ್ದು ಎರಡು ಮಾತು ಓದಿ. ಬಿದ್ದ ಸ್ಕ್ರೂ ನೆಲಕ್ಕೆ ತಾಗಿದ ಸದ್ದು ಕೇಳಿಸಲಿಲ್ಲ ಅಂದಿರಿ. ಕೆಳಗಿನ ಮೂರು ತೂತಿಗೆ ಸ್ಟ್ಯಾಂಡ್‌ಆಫೇ ಇಲ್ಲ ಅಂದಿರಿ. ದಯವಿಟ್ಟು ಮದರ್‌ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ನೋಡುವವರೆಗೆ ಕರೆಂಟ್ ಕೊಡಬೇಡಿ. ಕಾರಣ ಕೆಳಗೆ ಬರೆಯುತ್ತೇನೆ. ಮೊದಲು ಸ್ಕ್ರೂ ವಿಷಯ.

ನಾನು ಕಂಪ್ಯೂಟರ್ ರಿಪೇರಿ ಕೆಲಸ ಮಾಡೋದು. 6-32 ಅಂದರೆ ಏನು ಅಂತ ಗೊತ್ತಿದ್ದರೆ ಗುರುತು ಹಿಡಿಯೋದು ಸುಲಭ. ಇಲ್ಲಿ 6 ಅಂದರೆ ಮಿಲಿಮೀಟರ್ ಅಂದುಕೊಳ್ಳಬೇಡಿ, ಅದು ಇಂಚಿನ ಸ್ಕ್ರೂಗಳ ದಪ್ಪಕ್ಕೆ ಕೊಡುವ ನಂಬರು. 6ನೇ ನಂಬರ್ ಅಂದರೆ 0.138 ಇಂಚು, ಸುಮಾರು 3.5 ಮಿ.ಮೀ. ದಪ್ಪ. 32 ಅಂದರೆ ಒಂದು ಇಂಚು ಉದ್ದದಲ್ಲಿ 32 ಸುತ್ತು. ಎಂ3 ಮೆಟ್ರಿಕ್ ಲೆಕ್ಕ: 3 ಮಿ.ಮೀ. ದಪ್ಪ, ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಅರ್ಧ ಮಿ.ಮೀ. ದೂರ. 6-32ರಲ್ಲಿ ಆ ದೂರ ಸುಮಾರು 0.8 ಮಿ.ಮೀ. ದಪ್ಪದಲ್ಲಿರೋ ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್, ಅದಕ್ಕೇ ನಿಮ್ಮ ಕಣ್ಣಿಗೆ ಎಲ್ಲಾ ಒಂದೇ ಥರ ಕಾಣ್ತಿವೆ. ಸುತ್ತು ನೋಡಿದರೆ ತಿಳಿಯುತ್ತೆ. 5 ಮಿ.ಮೀ. ಉದ್ದದಲ್ಲಿ ಎಂ3ಗೆ 10 ಸುತ್ತು ಇರುತ್ತೆ, 6-32ಗೆ ಆರಕ್ಕಿಂತ ಚೂರು ಜಾಸ್ತಿ. ಒಂದು ಹತ್ತಿರ ಹತ್ತಿರ ನೇಯ್ದ ಹಾಗೆ, ಇನ್ನೊಂದು ಬಿಡಿಬಿಡಿಯಾಗಿ ಮೆಟ್ಟಿಲಿನ ಹಾಗೆ.

ತಲೆ ನೋಡಿ ತೀರ್ಮಾನ ಮಾಡಬೇಡಿ, ಬಣ್ಣವನ್ನಂತೂ ನಂಬಲೇಬೇಡಿ. ಆರು ಮೂಲೆ ತಲೆ ಇದ್ದರೆ ಹೆಚ್ಚಾಗಿ 6-32 ಆಗಿರುತ್ತೆ, ಆದರೆ ಅದೇ ಥರದ ತಲೆಯ ಎಂ3 ಕೂಡ ನನ್ನ ಕೈಗೆ ಬಂದಿವೆ.

ಅಳತೆ ನೋಡೋಕೆ ಹೊಸ ಸಾಧನ ಏನೂ ಬೇಡ, ನಿಮ್ಮ ಮೇಜಿನ ಮೇಲೇ ಇದೆ. ಎಸ್‌ಎಂಪಿಎಸ್ ಹಿಂಭಾಗದಲ್ಲಿ ನಾಲ್ಕು ತೂತು ಇದ್ದಾವಲ್ಲ, ಅವು 6-32. ಡಬ್ಬಿಯಿಂದ ಒಂದೊಂದೇ ಸ್ಕ್ರೂ ತೆಗೆದು ಆ ತೂತಿಗೆ ಬೆರಳಲ್ಲಿ ಹಾಕಿ. ಸಲೀಸಾಗಿ ಮೂರ್ನಾಲ್ಕು ಸುತ್ತು ಹೋಗಿ, ಎಳೆದರೆ ಬರದೆ ಗಟ್ಟಿಯಾಗಿ ನಿಂತರೆ 6-32. ಒಳಗೆ ಹೋದರೂ ಲಟಲಟ ಅಂತ ಅಲ್ಲಾಡಿದರೆ ಎಂ3. ಹೀಗೆ ಗ್ಯಾರಂಟಿ ಸಿಕ್ಕ ಒಂದು 6-32 ಎಡಗೈಯಲ್ಲಿ ಹಿಡಿದುಕೊಳ್ಳಿ. ಉಳಿದವನ್ನು ಒಂದೊಂದಾಗಿ ಅದರ ಪಕ್ಕಕ್ಕೆ ಒತ್ತಿ, ಥ್ರೆಡ್‌ಗೆ ಥ್ರೆಡ್ ತಾಗುವ ಹಾಗೆ, ದೀಪಕ್ಕೆ ಎತ್ತಿ ಹಿಡಿಯಿರಿ. ಹಲ್ಲಿಗೆ ಹಲ್ಲು ಕಚ್ಚಿಕೊಂಡು ಮಧ್ಯೆ ಬೆಳಕು ಬರದಿದ್ದರೆ ಅದೇ ಜಾತಿ. ಮಧ್ಯದಲ್ಲಿ ಬೆಳಕು ಇಣುಕಿದರೆ ಬೇರೆ. 83 ಸ್ಕ್ರೂ ಬೇರೆ ಮಾಡೋಕೆ ಅರ್ಧ ಗಂಟೆ ಸಾಕು. ತಂಗಿಯನ್ನೂ ಕೂರಿಸಿಕೊಳ್ಳಿ, ಅವರ ಮೆಷೀನ್ ತಾನೇ.

ಈ ಎರಡು ಜಾತಿ ಎಲ್ಲಿಂದ ಬಂದವು ಅಂತ ನಾನೂ ಹಿಂದೆ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಇಂಚಿನ ಪದ್ಧತಿಯಲ್ಲೇ ಮೊದಲು ಬ್ರಿಟನ್‌ದು ಬೇರೆ, ಅಮೆರಿಕದ್ದು ಬೇರೆ ಇತ್ತು. ಬ್ರಿಟನ್‌ನ ವಿಟ್‌ವರ್ತ್ ಥ್ರೆಡ್‌ನ ಕೋನ 55 ಡಿಗ್ರಿ, ಅಮೆರಿಕದ್ದು 60. ಎರಡನೇ ಮಹಾಯುದ್ಧದಲ್ಲಿ ಒಂದು ದೇಶದ ಬೋಲ್ಟ್ ಇನ್ನೊಂದರ ನಟ್‌ಗೆ ಕೂರದೆ ಪಟ್ಟ ಪಾಡು ಸಾಕಾಗಿ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ 60 ಡಿಗ್ರಿಯ ಒಂದೇ ಪದ್ಧತಿಗೆ ಒಪ್ಪಿಕೊಂಡವು. ನಮ್ಮ 6-32 ಆ ಕುಟುಂಬದ್ದು. ಎಂ3 ಮೆಟ್ರಿಕ್ ಕುಟುಂಬದ್ದು, ಅದರ ಕೋನವೂ 60 ಡಿಗ್ರಿಯೇ. ದಪ್ಪ ಹತ್ತಿರ ಹತ್ತಿರ, ಕೋನವೂ ಒಂದೇ ಆಗಿರೋದರಿಂದ ಮೊದಲ ಅರ್ಧ ಸುತ್ತು ತಪ್ಪು ಸ್ಕ್ರೂ ಕೂಡ ಸರಿ ಅನಿಸಿಬಿಡುತ್ತೆ. ನಿಮ್ಮ ಎಸ್‌ಎಸ್‌ಡಿಗೆ ಆಗಿದ್ದೂ ಅದೇ.

ಈಗ ಮದರ್‌ಬೋರ್ಡ್. ಅಣ್ಣನ ಹಳೆಯ ಬೋರ್ಡ್ ಮೈಕ್ರೋ ಎಟಿಎಕ್ಸ್ ಇತ್ತಾ ಅಂತ ಕೇಳಿ. ಅದು 244 ಮಿ.ಮೀ. ಚೌಕ. ನಿಮ್ಮದು ಎಟಿಎಕ್ಸ್, 305 ಉದ್ದ, 244 ಅಗಲ. ಎರಡಕ್ಕೂ ಹೊಂದುವ ತೂತು ಆರು ಮಾತ್ರ. ನಿಮಗೆ ಸ್ಕ್ರೂ ಹಾಕೋಕೆ ಸಿಕ್ಕಿದ್ದೂ ಆರೇ ಜಾಗ, ಖಾಲಿ ಇರೋದು ಮೂರು. ನನ್ನ ಅನುಮಾನ ಸರಿಯಾಗಿದ್ದರೆ ಹಳೆಯ ಬೋರ್ಡಿಗೆ ಬೇಕಾಗಿದ್ದ ಇನ್ನೆರಡು ಸ್ಟ್ಯಾಂಡ್‌ಆಫ್ ತಗಡಿನ ಮೇಲೆ ಹಾಗೇ ನಿಂತಿವೆ, ನಿಮ್ಮ ಹೊಸ ಬೋರ್ಡಿನ ಬೆನ್ನಿಗೆ ಒತ್ತಿಕೊಂಡು. ಅಲ್ಲಿ ಬೋರ್ಡಿಗೆ ತೂತಿಲ್ಲ, ಬೆಸುಗೆಯ ಚುಕ್ಕಿಗಳಿವೆ. ಹಿತ್ತಾಳೆ ತಾಗಿದರೆ ಶಾರ್ಟ್.

ಇದನ್ನು ಪುಸ್ತಕ ಓದಿ ಹೇಳ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರ ಮೆಷೀನ್ ಜೋಡಿಸಿದ್ದೆ. ಒಂದು ಸ್ಕ್ರೂ ಕೈಜಾರಿತು. ಬಿದ್ದ ಸದ್ದು ಬರಲಿಲ್ಲ, ಕೆಳಗೆಲ್ಲೋ ಹೋಗಿರಬೇಕು ಅಂತ ಇನ್ನೊಂದು ಹಾಕಿ ಮುಗಿಸಿ ಕರೆಂಟ್ ಕೊಟ್ಟೆ. ಫ್ಯಾನ್ ಒಂದು ಸಲ ಮಿಸುಕಿ ನಿಂತಿತು. ಸುಟ್ಟ ವಾಸನೆ ಮೂಗಿಗೆ ಬರೋ ಹೊತ್ತಿಗೆ ಪ್ಲಗ್ ಕಿತ್ತಿದ್ದೆ, ಆದರೂ ತಡವಾಗಿತ್ತು. ಬೋರ್ಡ್ ಬಿಚ್ಚಿ ನೋಡಿದರೆ ಆ ಸ್ಕ್ರೂ ಬೋರ್ಡಿಗೂ ತಗಡಿಗೂ ನಡುವೆ ಅಡ್ಡ ಮಲಗಿತ್ತು, ಅದರ ತಲೆ ತಾಗಿದ್ದ ಜಾಗದಲ್ಲಿ ಕಡಲೆಕಾಳಿನಷ್ಟು ಕಪ್ಪು ಕಲೆ. ಆ ಮನುಷ್ಯ ತಿಂಗಳುಗಟ್ಟಲೆ ದುಡ್ಡು ಕೂಡಿಸಿ ತಂದಿದ್ದ ಬೋರ್ಡ್ ಅದು. ಹೊಸದು ನಾನೇ ತಂದು ಹಾಕಿಕೊಟ್ಟೆ, ಆದರೆ ಅವತ್ತು ಅವರು ಮಾತಾಡದೆ ನಿಂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ಸ್ಕ್ರೂ ಬಿದ್ದರೆ, ಅದು ಕಣ್ಣಿಗೆ ಕಾಣುವವರೆಗೆ ಮುಂದಿನ ಕೆಲಸ ಇಲ್ಲ.

ಆದ್ದರಿಂದ ಬೋರ್ಡ್ ತೆಗೆಯಿರಿ. ಬೋರ್ಡಿನ ತೂತುಗಳಿಗೆ ಹೊಂದದ ಸ್ಟ್ಯಾಂಡ್‌ಆಫ್‌ಗಳನ್ನು ಬಿಚ್ಚಿ ಬೇಕಾದ ಜಾಗಕ್ಕೆ ಹಾಕಿ. ಖಾಲಿ ತಗಡು ಎದುರಿಗಿರುವಾಗಲೇ ಪ್ರತಿ ಸ್ಟ್ಯಾಂಡ್‌ಆಫ್‌ಗೂ ಬೆರಳಲ್ಲಿ ಸ್ಕ್ರೂ ಹಾಕಿ ನೋಡಿಬಿಡಿ, ಏಕೆಂದರೆ ಸ್ಟ್ಯಾಂಡ್‌ಆಫ್‌ನ ಒಳಗಿನ ಥ್ರೆಡ್ 6-32 ಇರಬಹುದು, ಎಂ3 ಕೂಡ ಇರಬಹುದು. ಹಳೆಯ ಕ್ಯಾಬಿನೆಟ್‌ಗಳಲ್ಲಿ ಎರಡೂ ಬೆರೆತಿರೋದು ಹೊಸದೇನಲ್ಲ. ಸ್ಟ್ಯಾಂಡ್‌ಆಫ್ ತಗಡಿಗೆ ಗಟ್ಟಿಯಾಗಿ ಕೂತಿರಬೇಕು, ಇಕ್ಕಳದಲ್ಲಿ ಹಿಡಿದು ಕಾಲು ಸುತ್ತು ಬಿಗಿ ಮಾಡಿ, ಸಾಕು. ಸಡಿಲ ಬಿಟ್ಟರೆ ಮುಂದೆ ಬೋರ್ಡ್ ಬಿಚ್ಚುವಾಗ ಸ್ಕ್ರೂ ಜೊತೆ ಅದೂ ಕಿತ್ತುಕೊಂಡು ಬರುತ್ತೆ.

ಎಸ್‌ಎಸ್‌ಡಿಗೆ ಬರೋಣ. ವಾಲಿರೋ ಸ್ಕ್ರೂವನ್ನು ಅದು ವಾಲಿರೋ ಕಡೆಯೇ ನೋಡಿಕೊಂಡು ನಿಧಾನ ಎಡಕ್ಕೆ ತಿರುಗಿಸಿ. ನೆಟ್ಟಗೆ ಮಾಡೋಕೆ ಹೋಗಬೇಡಿ, ಇನ್ನಷ್ಟು ಥ್ರೆಡ್ ಕೆತ್ತಿಹೋಗುತ್ತೆ. ತಲೆಯಲ್ಲಿ ಸ್ಕ್ರೂಡ್ರೈವರ್ ಜಾರಿದರೆ ಇಕ್ಕಳದಲ್ಲಿ ತಲೆಯ ಅಂಚು ಹಿಡಿದು ತಿರುಗಿಸಿ. ಆ ಲೋಹದ ಸುರುಳಿ ಇದೆಯಲ್ಲ, ಅದನ್ನು ಟೇಪಿಗೆ ಅಂಟಿಸಿ ಎತ್ತಿ, ಊದಬೇಡಿ. ಊದಿದರೆ ಎಲ್ಲಿ ಹೋಗಿ ಕೂರುತ್ತೋ ಗೊತ್ತಾಗಲ್ಲ. ಎಸ್‌ಎಸ್‌ಡಿಯ ಎರಡು ಬದಿಯಲ್ಲಿ ಎರಡೆರಡು, ತಳದಲ್ಲಿ ನಾಲ್ಕು ತೂತು ಇರುತ್ತೆ. ಒಂದು ಹಾಳಾದರೆ ನಷ್ಟ ಇಲ್ಲ. ಒಳಗೆ ತಿರುಗುವ ಭಾಗ ಯಾವುದೂ ಇಲ್ಲದ್ದರಿಂದ ಎರಡು ಸ್ಕ್ರೂನಲ್ಲೇ ಅದು ನೆಮ್ಮದಿಯಾಗಿ ಇರುತ್ತೆ. ಎಂ3 ಹಾಕುವಾಗ ಗಿಡ್ಡದ್ದೇ ಹಾಕಿ, ಉದ್ದದ್ದು ಒಳಗೆ ಹೋಗಿ ತಾಗುತ್ತೆ.

ಸ್ಕ್ರೂ ಹಾಕುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ತೂತಿನ ಮೇಲೆ ಇಟ್ಟು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನ ತಿರುಗಿಸಿ. ಒಂದು ಜಾಗದಲ್ಲಿ ಟಕ್ ಅಂತ ಸಣ್ಣಗೆ ಇಳಿಯುತ್ತೆ, ಬೆರಳ ತುದಿಗೆ ಗೊತ್ತಾಗುತ್ತೆ. ಥ್ರೆಡ್‌ನ ಬಾಯಿಗೆ ಬಾಯಿ ಕೂಡಿದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ವಾಲೋ ಮಾತೇ ಇಲ್ಲ.

ಎಂ.2ದು ಪೂರ್ತಿ ಬೇರೆ ಲೆಕ್ಕ. ಎಂ.2 ಅನ್ನೋದು ಸ್ಲಾಟಿನ ಹೆಸರು. ಅದಕ್ಕೆ ಹಾಕುವ ಸ್ಕ್ರೂನ ಅಳತೆ ಎಂ2, ಮಧ್ಯೆ ಚುಕ್ಕಿ ಇಲ್ಲ, 2 ಮಿ.ಮೀ. ದಪ್ಪ, ಉದ್ದ ಸಾಮಾನ್ಯವಾಗಿ 3 ಮಿ.ಮೀ. ಹೆಸರು ಹತ್ತಿರ ಇರೋದು ಕಾಕತಾಳೀಯ. ಡಬ್ಬಿಯಲ್ಲಿ ಹಳೆಯ ಲ್ಯಾಪ್‌ಟಾಪ್ ಸ್ಕ್ರೂಗಳೇನಾದರೂ ಇದ್ದರೆ ಅವುಗಳಲ್ಲಿ ಎಂ2 ಸಿಗುವ ಸಂಭವ ಇದೆ. ಇದಕ್ಕೆ 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ದೊಡ್ಡದಾಗುತ್ತೆ, 1 ಅಥವಾ 0 ಬೇಕು. ಉಳಿದ ಎಲ್ಲದಕ್ಕೂ 2ನೇ ನಂಬರ್ ಸರಿ. ತುದಿ ಅಯಸ್ಕಾಂತದ್ದಾಗಿದ್ದರೆ ಇನ್ನೂ ಒಳ್ಳೆಯದು, ಎಸ್‌ಎಸ್‌ಡಿಗೆ ಅದರಿಂದ ಏನೂ ಆಗಲ್ಲ.

ಆದರೆ ಬೇರೆ ಎಂ2 ಹುಡುಕೋದಕ್ಕೆ ಮೊದಲು ಬಿದ್ದಿದ್ದನ್ನು ಹುಡುಕಿ.

ಕೇಳಿದವರು

ಸರ್, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಅಣ್ಣನ್ನ ಕೇಳಿದೆ, ಹಳೇ ಬೋರ್ಡ್ ಮೈಕ್ರೋ ಎಟಿಎಕ್ಸೇ ಅಂತೆ. ರಾತ್ರಿ ಕೂತು ಬಿಚ್ತೀನಿ.

ಸ್ಕ್ರೂ ವಿಂಗಡಿಸೋದು ಮುಗೀತು. ತಂಗಿ ದೀಪಕ್ಕೆ ಹಿಡಿದು ನೋಡೋದರಲ್ಲಿ ನನಗಿಂತ ಚುರುಕು. 6-32 ನಲವತ್ತೊಂದು, ಎಂ3 ಇಪ್ಪತ್ತಾರು ಸಿಕ್ಕವು. ಉಳಿದಿದ್ದರಲ್ಲಿ ಹನ್ನೆರಡು ಮಾತ್ರ ಎರಡಕ್ಕೂ ಹೊಂದಲಿಲ್ಲ. ದಪ್ಪಗೆ, ಗಿಡ್ಡಗೆ, ಮೊನಚು ತುದಿ, ಥ್ರೆಡ್ ತುಂಬಾ ದೂರ ದೂರ. ಫ್ಯಾನಿಂದು ಅಂತ ಅನ್ಸುತ್ತೆ. ಒಂದನ್ನ ಹೊಸ ಫ್ಯಾನಿಗೆ ಹಾಕೋಕೆ ಹೋದೆ, ಬೆರಳಲ್ಲಿ ಒಂದು ಚೂರೂ ಹೋಗ್ತಿಲ್ಲ. ಬೆರಳಿಗೆ ಹೋಗದಿದ್ದರೆ ಮುಟ್ಟಬೇಡಿ ಅಂದಿದ್ದೀರಿ, ಅದಕ್ಕೇ ನಿಲ್ಲಿಸಿದ್ದೀನಿ. ಇನ್ನು ನಾಲ್ಕು ತೀರಾ ಉದ್ದ ಇವೆ, ಸುಮಾರು 30 ಮಿ.ಮೀ. ಅವು ಯಾವುದಕ್ಕೆ?

ಉತ್ತರ 3

ಫ್ಯಾನ್ ಸ್ಕ್ರೂಗೆ ಮಾತ್ರ ಆ ನಿಯಮ ಇಲ್ಲ. ಫ್ಯಾನಿನ ಪ್ಲಾಸ್ಟಿಕ್ ತೂತಲ್ಲಿ ಥ್ರೆಡ್ಡೇ ಇರಲ್ಲ, ನುಣುಪು ತೂತು. ಸ್ಕ್ರೂ ತಾನೇ ಥ್ರೆಡ್ ಕೊರೆದುಕೊಂಡು ಒಳಗೆ ಹೋಗಬೇಕು. ಹಾಗಾಗಿ ಮೊದಲ ಸಲ ಬಲ ಹಾಕಲೇಬೇಕು. ಫ್ಯಾನನ್ನ ಕ್ಯಾಬಿನೆಟ್‌ಗೆ ಹಿಡಿದುಕೊಂಡು ಒದ್ದಾಡಬೇಡಿ. ಮೇಜಿನ ಮೇಲೆ ಮಲಗಿಸಿ, ನೆಟ್ಟಗೆ ಅದುಮಿ, ನಾಲ್ಕೂ ಮೂಲೆಗೆ ಒಂದೊಂದು ಸಲ ಸ್ಕ್ರೂ ಹಾಕಿ ತೆಗೆದುಬಿಡಿ. ಆಮೇಲೆ ಕ್ಯಾಬಿನೆಟ್‌ನಲ್ಲಿ ಕೂರಿಸುವಾಗ ಸಲೀಸು. ತಲೆ ತಗಡಿಗೆ ತಾಗಿದ ಕೂಡಲೇ ನಿಲ್ಲಿಸಿ, ಇನ್ನೂ ಬಿಗಿ ಮಾಡಿದರೆ ಮೂಲೆಯ ಪ್ಲಾಸ್ಟಿಕ್ ಸೀಳುತ್ತೆ. ಒಂದೇ ತೂತಿಗೆ ಪದೇ ಪದೇ ಹಾಕಿ ತೆಗೆದರೂ ಹಿಡಿತ ಹೋಗುತ್ತೆ.

30 ಮಿ.ಮೀ.ದು ಹೆಚ್ಚಾಗಿ ಲಿಕ್ವಿಡ್ ಕೂಲರ್‌ದು. ಮಾಮೂಲಿ ಫ್ಯಾನ್ 25 ಮಿ.ಮೀ. ದಪ್ಪ, ಅದನ್ನ ದಾಟಿ 5 ಮಿ.ಮೀ. ರೇಡಿಯೇಟರ್‌ಗೆ, ಅಂದ್ರೆ ನೀರು ತಣ್ಣಗಾಗೋ ಭಾಗಕ್ಕೆ, ಹೋಗುತ್ತೆ. ನಿಮಗೆ ಕೂಲರ್ ಇಲ್ಲ ಅಂದ್ರೆ ಎತ್ತಿಡಿ, ಬೇರೆ ಎಲ್ಲೂ ಬಳಸಬೇಡಿ. ನನ್ನ ಗೆಳೆಯ 15 ಮಿ.ಮೀ.ನ ತೆಳು ಫ್ಯಾನ್ ತಂದು ಅದೇ 30ರ ಸ್ಕ್ರೂ ಹಾಕಿದ. ಹದಿನೈದು ಮಿಲಿಮೀಟರ್ ನೇರ ರೇಡಿಯೇಟರ್ ಒಳಗೆ ಇಳಿದು ನೀರಿನ ಕೊಳವೆ ತೂತಾಯ್ತು.

ಉತ್ತರ 2 ಬರೆದವರು

ಫ್ಯಾನಿನ ವಿಷಯ ಬರೆಯೋಕೆ ನಾನು ಮರೆತಿದ್ದೆ, ಮೇಲಿನವರು ಸರಿಯಾಗಿ ಹೇಳಿದ್ದಾರೆ. ಒಂದು ವ್ಯತ್ಯಾಸ ಕೈಗೆ ಗೊತ್ತಾಗುತ್ತೆ: ಪ್ಲಾಸ್ಟಿಕ್ ಕೊರೆಯುವಾಗ ಮೊದಲಿಂದ ಕೊನೆವರೆಗೆ ಒಂದೇ ಸಮ ಬಿಗಿ ಇರುತ್ತೆ. ಲೋಹದಲ್ಲಿ ತಪ್ಪು ಸ್ಕ್ರೂ ಹೋದಾಗ ಮೊದಲು ಸಲೀಸಾಗಿ ಹೋಗಿ ಥಟ್ ಅಂತ ಕಚ್ಚಿಕೊಳ್ಳುತ್ತೆ. ಅಲ್ಲಿ ನಿಲ್ಲಿಸಿಬಿಡಬೇಕು.

ಬೋರ್ಡ್ ಹಾಕುವಾಗ ಒಂಬತ್ತೂ ಸ್ಕ್ರೂವನ್ನು ಮೊದಲು ಸಡಿಲವಾಗಿ ಹಾಕಿಕೊಳ್ಳಿ, ಎಲ್ಲಾ ಬಾಯಿಗೆ ಕೂತ ಮೇಲೆ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಕಡೆಯ ತೂತು ಸ್ಟ್ಯಾಂಡ್‌ಆಫ್‌ನಿಂದ ಸರಿದು ಹೋಗುತ್ತೆ. ಬಿಚ್ಚಿದ ಮೇಲೆ ಏನು ಕಂಡಿತು ಅಂತ ಬರೆಯಿರಿ, ಕಾಯ್ತಿರ್ತೀನಿ.

ಕೇಳಿದವರು

ಸರ್, ಬಿಚ್ಚಿದೆ. ನೀವು ಹೇಳಿದ ಹಾಗೇ ಎರಡು ಸ್ಟ್ಯಾಂಡ್‌ಆಫ್ ಬೋರ್ಡಿನ ಕೆಳಗೆ ನಿಂತಿದ್ದವು. ಬೋರ್ಡ್ ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರೆ ಅವು ಒತ್ತಿದ ಜಾಗದಲ್ಲಿ ಉಗುರಿನ ಗುರುತಿನ ಹಾಗೆ ಎರಡು ಸಣ್ಣ ಗೀರು. ಒಂದರ ಪಕ್ಕದಲ್ಲೇ ಬೆಸುಗೆ ಚುಕ್ಕಿಗಳ ಸಾಲು.

ಎಂ.2 ಸ್ಕ್ರೂ ಕೂಡ ಸಿಕ್ಕಿತು. ಅದೇ ಸ್ಟ್ಯಾಂಡ್‌ಆಫ್‌ಗಳಲ್ಲಿ ಒಂದರ ಬುಡಕ್ಕೆ ಒರಗಿಕೊಂಡು ನಿಂತಿತ್ತು. ಕ್ಯಾಬಿನೆಟ್ ಎತ್ತಿ ಅಲ್ಲಾಡಿಸಿದಾಗಲೂ ಸದ್ದು ಬಂದಿರಲಿಲ್ಲ, ಬೋರ್ಡಿಗೂ ತಗಡಿಗೂ ಮಧ್ಯೆ ಸಿಕ್ಕಿಕೊಂಡಿತ್ತು ಅನ್ಸುತ್ತೆ. ತಂಗಿ ಅದನ್ನ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನೋಡ್ತಾ ಕೂತಿದ್ದಳು.

ಆ ಎರಡು ಸ್ಟ್ಯಾಂಡ್‌ಆಫ್ ಕಿತ್ತು ಕೆಳಗಿನ ಸಾಲಿಗೆ ಹಾಕಿದೆ, ಮೂರನೇದು ಅಣ್ಣನ ಡಬ್ಬಿಯಲ್ಲೇ ಇತ್ತು. ಒಂಬತ್ತಕ್ಕೂ ಬೆರಳಲ್ಲಿ 6-32 ಹಾಕಿ ನೋಡಿದೆ. ಎಂಟು ಸಲೀಸು. ಡಬ್ಬಿಯಿಂದ ತೆಗೆದ ಆ ಮೂರನೇದಕ್ಕೆ ಮಾತ್ರ 6-32 ಹೋಗಲಿಲ್ಲ, ಎಂ3 ಹೋಯ್ತು. ಮೊದಲೇ ನೋಡಿಕೊಂಡಿದ್ದು ಒಳ್ಳೇದಾಯ್ತು.

ಎಸ್‌ಎಸ್‌ಡಿಯ ಸ್ಕ್ರೂ ಇಕ್ಕಳದಲ್ಲೇ ಬಂತು. ಆ ತೂತಿನ ಮೊದಲ ಸುತ್ತು ಕೆತ್ತಿಹೋಗಿದೆ, ಅದನ್ನ ಬಿಟ್ಟು ಉಳಿದ ಮೂರಕ್ಕೆ ಎಂ3 ಹಾಕಿದೆ. ಎಡಕ್ಕೆ ತಿರುಗಿಸುವಾಗ ಬರೋ ಆ ಟಕ್ ಮೊದಲ ಎರಡು ಸಲ ಗೊತ್ತಾಗಲಿಲ್ಲ, ಮೂರನೇ ಸಲ ಬೆರಳಿಗೆ ಸಿಕ್ಕಿತು.

ರಾತ್ರಿ ಹನ್ನೊಂದೂವರೆಗೆ ಆನ್ ಮಾಡಿದೆವು. ಸ್ಕ್ರೀನ್ ಬಂತು, ಎರಡೂ ಎಸ್‌ಎಸ್‌ಡಿ ತೋರಿಸ್ತಿದೆ. ವಿಂಗಡಿಸಿದ ಸ್ಕ್ರೂಗಳನ್ನ ತಂಗಿ ಬೇರೆ ಬೇರೆ ಕವರ್‌ಗೆ ಹಾಕಿ ಮೇಲೆ ಹೆಸರು ಬರೆದಿದ್ದಾಳೆ. ನಾಳೆ ಅಣ್ಣನಿಗೆ ವಾಪಸ್ ಕೊಡ್ತೀವಿ.